ನಾಲ್ಕು ಬೆಣ್ಣೆ, ಒಂದು ಕಾವಲಿ

ಈ ಸಲ ಗೋಕುಲಾಷ್ಟಮಿಗೆ ಇನ್ನೂ ಹದಿನೈದು ದಿನ ಇರುವಾಗಲೇ ನಮ್ಮ ಮನೆ ಫ್ರಿಜ್‌ನಲ್ಲಿ ನಾಲ್ಕು ಥರದ ಬೆಣ್ಣೆ ಸೇರಿದ್ದವು. ಉಪ್ಪು ಹಾಕಿದ ಹಳದಿ ಪ್ಯಾಕೆಟ್ ಬೆಣ್ಣೆ ಒಂದು. ಉಪ್ಪಿಲ್ಲದ ಬಿಳಿ ಪ್ಯಾಕೆಟ್ ಬೆಣ್ಣೆ ಇನ್ನೊಂದು. ಭಾನುವಾರದ ಸಂತೆಯಲ್ಲಿ ಹಳ್ಳಿಯ ಅವ್ವನ ಹತ್ತಿರ ತಂದ ಬಾಳೆಲೆ ಬೆಣ್ಣೆ ಮೂರನೆಯದು. ನಾಲ್ಕನೆಯದು ನಮ್ಮತ್ತೆ ದಿನಾ ಹಾಲಿನ ಕೆನೆ ಕೂಡಿಟ್ಟು ಕಡೆದ ಬೆಣ್ಣೆ. ಇವುಗಳ ಪಕ್ಕದಲ್ಲಿ ಮಗಳು ತಂದಿಟ್ಟ ಕ್ರೀಮಿನ ಒಂದು ಪೊಟ್ಟಣ.

‘ಇಷ್ಟೊಂದು ಬೆಣ್ಣೆ ಯಾಕೆ?’ ಅಂತ ನಮ್ಮವರು ಕೇಳಿದರು. ಕಾರಣ ಇತ್ತು. ನಾನು ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಮೈಸೂರಿಗೆ ಬಂದು 22 ವರ್ಷ ಆಯಿತು. ಇಷ್ಟು ವರ್ಷವೂ ನಾನು ಮಾಡುವ ಬೆಣ್ಣೆ ದೋಸೆ ಒಂದು ವಾರ ಚೆನ್ನಾಗಿ ಬಂದರೆ ಮುಂದಿನ ವಾರ ಬರುತ್ತಿರಲಿಲ್ಲ. ಹಿಟ್ಟಿನ ಅಳತೆ ಅದೇ. ಕಾವಲಿ ಅದೇ. ಒಂದು ದಿನ ಕೂತು ಯೋಚನೆ ಮಾಡಿದಾಗ ಹೊಳೆಯಿತು. ಆಯಾ ವಾರ ಮನೆಯಲ್ಲಿ ಯಾವ ಬೆಣ್ಣೆ ಇರುತ್ತೋ ಅದನ್ನೇ ಹಾಕುತ್ತಿದ್ದೆ. ಬೆಣ್ಣೆ ಅಂದರೆ ಬೆಣ್ಣೆ, ಅದರಲ್ಲೇನು ಅಂದುಕೊಂಡಿದ್ದೆ.

ಹಾಗಾಗಿ ಈ ಸಲ ಒಂದು ತಿಂಗಳು ಪೂರ್ತಿ, ಒಂದೇ ತಿಂಡಿಯನ್ನು ಬೇರೆ ಬೇರೆ ಬೆಣ್ಣೆಯಲ್ಲಿ ಮಾಡಿ ನೋಡಿದೆ. ತಿಂದು ಹೇಳಲು ಮನೆಯಲ್ಲಿ ಮೂರು ಜನ ಇದ್ದರು. ತೀರ್ಥಹಳ್ಳಿ ಕಡೆಯ ನಮ್ಮತ್ತೆಗೆ ಈಗ 78. ಅವರ ನಾಲಿಗೆಗೆ ಮೋಸ ಮಾಡಲು ಆಗುವುದಿಲ್ಲ. ಪ್ಯಾಕೆಟ್‌ಗಳ ಬ್ರ್ಯಾಂಡ್ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸಣ್ಣದು. ಒಂದು ಜಾತಿಯ ಬೆಣ್ಣೆಗೂ ಇನ್ನೊಂದು ಜಾತಿಗೂ ಇರುವ ವ್ಯತ್ಯಾಸ ತುಂಬಾ ದೊಡ್ಡದು.

ಮೊದಲು ಪ್ಯಾಕೆಟ್ ಮೇಲೆ ಏನು ಬರೆದಿದೆ ಅಂತ ಓದಿ. ‘ಟೇಬಲ್ ಬಟರ್’ ಅಂತ ಇದ್ದರೆ ಅದರಲ್ಲಿ ಕಡಿಮೆ ಅಂದರೂ 80% ಹಾಲಿನ ಕೊಬ್ಬು ಇರಬೇಕು, ನೀರು 16% ದಾಟಬಾರದು, ಉಪ್ಪು 3% ದಾಟಬಾರದು. ಇದು ಕಾನೂನು. ‘ವೈಟ್ ಬಟರ್’ ಅಥವಾ ‘ಕುಕಿಂಗ್ ಬಟರ್’ ಅಂದರೆ ಉಪ್ಪಿಲ್ಲದ್ದು. ಅದರಲ್ಲಿ ಕೊಬ್ಬು ಕನಿಷ್ಠ 76% ಇರಬೇಕು. ಇನ್ನು ‘ಫ್ಯಾಟ್ ಸ್ಪ್ರೆಡ್’ ಅಂತ ಬರೆದ ಹಳದಿ ಡಬ್ಬಿಗಳು ಇವೆಯಲ್ಲ, ಅವು ಬೆಣ್ಣೆಯೇ ಅಲ್ಲ. ಅಂಗಡಿಯಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಟ್ಟಿರುತ್ತಾರೆ. ನಾನೂ ಒಮ್ಮೆ ಅವಸರದಲ್ಲಿ ಅದನ್ನೇ ತಂದು ಬಿಸ್ಕತ್ತಿಗೆ ಹಾಕಿ ಬೇಜಾರು ಮಾಡಿಕೊಂಡಿದ್ದೇನೆ. ಪರಿಮಳವೇ ಬರಲಿಲ್ಲ.

ಬಣ್ಣ ನೋಡಿ ಬೆಣ್ಣೆ ಆರಿಸಬೇಡಿ. ಪ್ಯಾಕೆಟ್ ಬೆಣ್ಣೆಯ ಆ ಹಳದಿ ಸಾಮಾನ್ಯವಾಗಿ ಅನಾಟೊ ಅನ್ನುವ ಬೀಜದ ಬಣ್ಣ. ಎಮ್ಮೆ ಹಾಲಿನ ಬೆಣ್ಣೆ ಬೆಳ್ಳಗೇ ಇರುತ್ತದೆ. ಹಸುವಿನ ಬೆಣ್ಣೆಗೆ ಮಾತ್ರ ಹುಲ್ಲಿನಿಂದ ಬರುವ ಕ್ಯಾರೊಟಿನ್‌ನ ತಿಳಿ ಹಳದಿ ಇರುತ್ತದೆ. ಹಸಿರು ಮೇವು ಜಾಸ್ತಿ ಸಿಕ್ಕಾಗ ಆ ಹಳದಿಯೂ ಜಾಸ್ತಿ.

ನಾನು ಮಾಡಿದ ಮೊದಲ ಕೆಲಸ ತುಂಬಾ ಸರಳ. ನಾಲ್ಕರಿಂದಲೂ 250 ಗ್ರಾಂ ತೂಗಿ, ಬೇರೆ ಬೇರೆ ಪಾತ್ರೆಯಲ್ಲಿ ಕಾಯಿಸಿ, ಸೋಸಿ, ಎಷ್ಟು ತುಪ್ಪ ಬಂತು ಅಂತ ಮತ್ತೆ ತೂಗಿದೆ. ಬಿಳಿ ಪ್ಯಾಕೆಟ್ ಬೆಣ್ಣೆಯಿಂದ 201 ಗ್ರಾಂ ಬಂತು. ಉಪ್ಪಿನದರಿಂದ 197. ಅತ್ತೆಯ ಬೆಣ್ಣೆಯಿಂದ 186. ಸಂತೆಯ ಬೆಣ್ಣೆಯಿಂದ 172. ಸಂತೆಯ ಅವ್ವ ಮೋಸ ಮಾಡಿದರು ಅಂತ ಇದರ ಅರ್ಥ ಅಲ್ಲ. ಕೈಯಲ್ಲಿ ತೆಗೆದ ಬೆಣ್ಣೆಯಲ್ಲಿ ನೀರೂ ಮಜ್ಜಿಗೆಯೂ ಉಳಿದೇ ಉಳಿಯುತ್ತದೆ. ಆದರೆ ಅಡುಗೆಯಲ್ಲಿ ಏನೇನು ಆಗುತ್ತದೋ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ನೀರಿನಿಂದಲೇ ಆಗುವುದು. ಅದು ಗೊತ್ತಾದ ಮೇಲೆ ಎಷ್ಟೋ ಹಳೆಯ ತಪ್ಪುಗಳಿಗೆ ಉತ್ತರ ಸಿಕ್ಕಿತು.

ಈಗ ದೋಸೆಗೆ ಬರೋಣ. ನನಗೆ ಮುಖ್ಯ ಅದೇ.

ನಮ್ಮೂರಲ್ಲಿ ಬೆಣ್ಣೆ ದೋಸೆಯ ಕತೆ 1928ರಿಂದ ಶುರುವಾಗುತ್ತದೆ. ಚೆನ್ನಮ್ಮ ಅನ್ನುವ ತಾಯಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ದಾವಣಗೆರೆಗೆ ಬಂದು, ಥಿಯೇಟರ್ ಹತ್ತಿರ ರಾಗಿ ದೋಸೆ ಮಾಡಿ ಬೆಣ್ಣೆ ಹಾಕಿ ಕೊಡುತ್ತಿದ್ದರಂತೆ. ಮುಂದೆ ಅವರ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಬಂತು ಅಂತ ಹೇಳುತ್ತಾರೆ. ಮಂಡಕ್ಕಿ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಮಂಡಕ್ಕಿ ಭಟ್ಟಿಗಳ ಊರು ಅದು. ಚಿಕ್ಕವಳಿದ್ದಾಗ ಅಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಕಟ್ಟಿಗೆ ಒಲೆ, ದೊಡ್ಡ ಕಾವಲಿ, ಮೇಲೆ ಬೆಣ್ಣೆ ಚರ್ ಅನ್ನುವ ಸದ್ದು. ಸಾಂಬಾರ್ ಕೊಡುತ್ತಿರಲಿಲ್ಲ. ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿದ ಬೆಳ್ಳನೆ ಚಟ್ನಿ, ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಅಷ್ಟೇ. ಬೆಣ್ಣೆಯ ರುಚಿ ಮುಂದೆ ನಿಲ್ಲಲಿ ಅಂತಲೇ ಉಳಿದಿದ್ದೆಲ್ಲ ಅಷ್ಟು ಸಪ್ಪಗೆ ಇರುವುದು ಅಂತ ನನಗೆ ಈಗ ಅನ್ನಿಸುತ್ತದೆ.

ನನ್ನ ಅಳತೆ ಇದು. ಮೂರು ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ನೆನೆಸಿ ಹಿಂಡಿದ ಎರಡು ಲೋಟ ಮಂಡಕ್ಕಿ. ನುಣ್ಣಗೆ ರುಬ್ಬಿ ರಾತ್ರಿ ಹುದುಗಲು ಬಿಡುತ್ತೇನೆ. ಬೆಳಿಗ್ಗೆ ಉಪ್ಪು, ಒಂದು ಚಿಟಿಕೆ ಸಕ್ಕರೆ. ಕಾವಲಿ ಮೇಲೆ ಸ್ವಲ್ಪ ದಪ್ಪಕ್ಕೆ, ಚಿಕ್ಕದಾಗಿ ಹುಯ್ಯಬೇಕು. ಮೇಲೆ ತೂತು ಬಿದ್ದ ಮೇಲೆ ಬೆಣ್ಣೆ.

ಉಪ್ಪಿನ ಹಳದಿ ಬೆಣ್ಣೆ ಹಾಕಿದ ದೋಸೆ ನೋಡಲು ಚೆಂದ ಇತ್ತು. ಬಾಯಿಗಿಟ್ಟರೆ ಮೊದಲು ಉಪ್ಪು, ಆಮೇಲೆ ದೋಸೆ. ಚಟ್ನಿಯಲ್ಲೂ ಉಪ್ಪು, ಪಲ್ಯದಲ್ಲೂ ಉಪ್ಪು, ಮೇಲೆ ಇದೂ ಸೇರಿ ಎರಡನೇ ದೋಸೆಗೇ ಸಾಕು ಅನ್ನಿಸಿತು. ಬಿಳಿ ಪ್ಯಾಕೆಟ್ ಬೆಣ್ಣೆಯ ದೋಸೆ ಒಂದೇ ಸಮನೆ ಕೆಂಪಗಾಯಿತು, ಅಂಚು ಗರಿಗರಿ, ಒಳಗೆ ಮೆತ್ತಗೆ. ಊರಿನ ದೋಸೆಗೆ ತುಂಬಾ ಹತ್ತಿರ. ಪರಿಮಳ ಮಾತ್ರ ಸ್ವಲ್ಪ ಕಡಿಮೆ. ಸಂತೆಯ ಬೆಣ್ಣೆ ಹಾಕಿದಾಗ ಮನೆಯೆಲ್ಲ ಘಮ ಘಮ. ಹೆಪ್ಪು ಹಾಕಿ ಹುಳಿ ಬಂದ ಮೇಲೆ ಕಡೆದ ಬೆಣ್ಣೆಯ ವಾಸನೆ ಅದು, ಪ್ಯಾಕೆಟ್‌ನಲ್ಲಿ ಸಿಗುವುದಿಲ್ಲ. ಆದರೆ ನೀರು ಚಟಪಟ ಸಿಡಿದು ಕಾವಲಿಯ ಶಾಖ ಇಳಿಯಿತು. ದೋಸೆ ಅಲ್ಲಲ್ಲಿ ಬೆಳ್ಳಗೆ ಉಳಿಯಿತು, ಮಜ್ಜಿಗೆಯ ಅಂಶ ಇದ್ದ ಕಡೆ ಕಪ್ಪು ಚುಕ್ಕೆ ಬಿತ್ತು. ಅತ್ತೆಯ ಬೆಣ್ಣೆ ಎರಡರ ನಡುವೆ.

ಇಲ್ಲೇ ನನಗೆ ಈ ತಿಂಗಳ ದೊಡ್ಡ ಲಾಭ ಆಗಿದ್ದು. ಒಂದು ದೋಸೆಗೆ ಒಂದೇ ಬೆಣ್ಣೆ ಹಾಕಬೇಕು ಅಂತ ಯಾರು ಹೇಳಿದ್ದು? ಬೇಯುವಾಗ ಒಂದೂವರೆ ಚಮಚ ಬಿಳಿ ಪ್ಯಾಕೆಟ್ ಬೆಣ್ಣೆ. ತಟ್ಟೆಗೆ ಹಾಕಿದ ಮೇಲೆ, ದೋಸೆ ಬಿಸಿ ಇರುವಾಗಲೇ, ನೆಲ್ಲಿಕಾಯಿ ಗಾತ್ರದ ಸಂತೆ ಬೆಣ್ಣೆ ಮೇಲೆ. ಕಾವಲಿಯ ಶಾಖಕ್ಕೆ ಸುಟ್ಟು ಹೋಗುತ್ತಿದ್ದ ಪರಿಮಳ ಈಗ ತಟ್ಟೆಯಲ್ಲೇ ಏಳುತ್ತದೆ. ಮಗಳು ನಾಲ್ಕು ತಿಂದಳು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಈಗ ಗೊತ್ತಾತೇನು ನಿನಗೆ? ಹೋಟೆಲಿನವ್ರೂ ಕೊಡೋ ಮುಂದ ಮ್ಯಾಲೆ ಒಂದು ಮುದ್ದಿ ಬ್ಯಾರೆ ಇಡ್ತಿದ್ರಲ್ಲ’ ಅಂದರು. ಹೌದಲ್ವಾ! ಕಣ್ಣಾರೆ ನೋಡಿದ್ದೆ, ಯಾಕೆ ಅಂತ ಯೋಚಿಸಿರಲಿಲ್ಲ.

ಸಂತೆಯ ಅವ್ವನ ಬಗ್ಗೆ ಎರಡು ಮಾತು ಹೇಳಲೇಬೇಕು. ಅಗಲ ಬಾಯಿಯ ಪಾತ್ರೆಯಲ್ಲಿ ನೀರು, ಅದರಲ್ಲಿ ಬೆಣ್ಣೆ ಉಂಡೆಗಳು ತೇಲುತ್ತಿರುತ್ತವೆ. ಕೈ ಒದ್ದೆ ಮಾಡಿಕೊಂಡು ತೆಗೆದು ಬಾಳೆಲೆಗೆ ಹಾಕುತ್ತಾರೆ. ‘ನೀರಲ್ಲಿ ಹಾಕಿ ಮಡಗವ್ವ, ದಿನಾ ನೀರು ಬದ್ಲಾಯ್ಸು, ಮೂರು ದಿನ ಏನೂ ಆಗಕ್ಕಿಲ್ಲ’ ಅನ್ನುತ್ತಾರೆ. ಮಾತು ನಿಜ. ನಾಲ್ಕನೇ ದಿನ ಹುಳಿ ಜಾಸ್ತಿಯಾಯಿತು, ಆರನೇ ದಿನ ಕಮಟು ವಾಸನೆ. ಹಾಗಾಗಿ ಕಾಲು ಕೆಜಿಗಿಂತ ಜಾಸ್ತಿ ತರಬೇಡಿ. ಗೊತ್ತಿಲ್ಲದವರ ಹತ್ತಿರ ಬಿಡಿ ಬೆಣ್ಣೆ ತಂದರೆ ಒಂದು ಪರೀಕ್ಷೆ ಮಾಡಬಹುದು. ಅರ್ಧ ಚಮಚ ಬೆಣ್ಣೆಗೆ ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ. ನೀಲಿ ಬಣ್ಣ ಬಂದರೆ ಆಲೂಗಡ್ಡೆಯಂಥ ಪಿಷ್ಟ ಬೆರೆತಿದೆ ಅಂತ ಅರ್ಥ. ಪರೀಕ್ಷೆ ಮಾಡಿದ ಬೆಣ್ಣೆಯನ್ನು ಎಸೆದುಬಿಡಿ. ನಮ್ಮ ಅವ್ವನ ಬೆಣ್ಣೆ ನೀಲಿಯಾಗಲಿಲ್ಲ.

ಅತ್ತೆಯ ಬೆಣ್ಣೆಗೆ ಬೇರೆಯದೇ ಕ್ರಮ. ಮೊದಲು ಹಾಲು ಸರಿ ಇರಬೇಕು. ಹೋಮೋಜಿನೈಸ್ಡ್ ಅಂತ ಬರೆದ ಹಾಲಿನಲ್ಲಿ ಕೊಬ್ಬನ್ನು ಮೊದಲೇ ಸಣ್ಣ ಸಣ್ಣ ಕಣ ಮಾಡಿ ಹರಡಿರುತ್ತಾರೆ. ಅದು ಮೇಲೆ ಬಂದು ಕೆನೆ ಕಟ್ಟುವುದಿಲ್ಲ. ಕುಡಿಯಲು, ಕಾಫಿಗೆ ಚೆನ್ನ, ಕೆನೆಗೆ ಆಗುವುದಿಲ್ಲ. ನಾವು ತಂದಿದ್ದು ನಂದಿನಿಯ ಸಮೃದ್ಧಿ, ಅದರಲ್ಲಿ 6% ಕೊಬ್ಬು. ಅದೇ ನೀಲಿ ಪ್ಯಾಕೆಟ್ ಟೋನ್ಡ್ ಹಾಲಿನಲ್ಲಿ 3%. ದಿನಕ್ಕೆ ಒಂದು ಲೀಟರ್ ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿಟ್ಟು, ಮಾರನೇ ದಿನ ಕೆನೆ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ಎಂಟು ದಿನದ ಕೆನೆ. ಹಿಂದಿನ ರಾತ್ರಿ ಹೊರಗಿಟ್ಟು ಎರಡು ಚಮಚ ಮೊಸರು ಹೆಪ್ಪು.

ನಾನು ಮಿಕ್ಸಿಗೆ ಹಾಕೋಣ ಅಂದೆ. ‘ಬೇಡ ಮಾರಾಯ್ತಿ, ಮಿಕ್ಸಿ ಬಿಸಿಗೆ ಬೆಣ್ಣೆ ಮುದ್ದೆ ಕಟ್ಟುದಿಲ್ಲ, ಎಣ್ಣೆ ಎಣ್ಣೆ ಆಗ್ತದೆ’ ಅಂದರು. ಕಡಗೋಲು ತೆಗೆದರು. ತಣ್ಣೀರು ಹಾಕಿ ಇಪ್ಪತ್ತು ನಿಮಿಷ ಕಡೆದರು. ಬೇಸಿಗೆ ಆದರೆ ಐಸ್ ನೀರು, ಚಳಿಗಾಲ ಆದರೆ ಸ್ವಲ್ಪ ಬೆಚ್ಚನೆ ನೀರು. ಸದ್ದು ಬದಲಾಗುವುದನ್ನು ಕೇಳಿಸಿಕೊಂಡು ‘ಈಗ ಬಂತು ನೋಡು’ ಅಂದರು. ಕಾಳು ಕಾಳಾಗಿ ಬೆಣ್ಣೆ ಮೇಲೆ ಬಂದಿತ್ತು. ಮೂರು ನೀರಲ್ಲಿ ತೊಳೆದು, ಹಿಸುಕಿ, ಉಂಡೆ ಮಾಡಿದರು. 280 ಗ್ರಾಂ. ತೊಳೆಯುವುದನ್ನು ಯಾರೂ ಬಿಡಬೇಡಿ. ಒಳಗೆ ಮಜ್ಜಿಗೆ ಉಳಿದರೆ ಬೆಣ್ಣೆ ಬೇಗ ಹುಳಿ ಬರುತ್ತದೆ, ಕರಿಯುವಾಗ ಬೇಗ ಕಪ್ಪಾಗುತ್ತದೆ. ಮೇಲಿನ ಮಜ್ಜಿಗೆಗೆ ಶುಂಠಿ, ಕರಿಬೇವು ಜಜ್ಜಿ ಹಾಕಿ ಕುಡಿದೆವು.

ಅಷ್ಟಮಿಯ ದಿನ ಕೃಷ್ಣನ ಮುಂದೆ ಇಟ್ಟಿದ್ದು ಇದೇ ಬೆಣ್ಣೆ, ಮೇಲೆ ಸ್ವಲ್ಪ ಸಕ್ಕರೆ. ಪಕ್ಕದಲ್ಲಿ ಅವಲಕ್ಕಿ. ಉಪ್ಪಿನ ಪ್ಯಾಕೆಟ್ ಬೆಣ್ಣೆಯನ್ನು ಅತ್ತೆ ದೇವರ ಮನೆ ಹತ್ತಿರವೂ ಬಿಡಲಿಲ್ಲ. ಪೂಜೆ ಆದ ಮೇಲೆ ಕೃಷ್ಣನ ಮುಂದಿಟ್ಟ ಬೆಣ್ಣೆಯನ್ನೇ ಬಿಸಿ ಅಕ್ಕಿ ರೊಟ್ಟಿ ಮೇಲೆ ಹಚ್ಚಿಕೊಂಡು ತಿಂದೆವು. ರೊಟ್ಟಿಯ ವಿಷಯದಲ್ಲಿ ನನ್ನ ತೀರ್ಪಿಗೆ ಎರಡು ಮಾತಿಲ್ಲ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೇಲೆ ಮನೆ ಬೆಣ್ಣೆ. ನಮ್ಮ ಕಡೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮನೆ ಬೆಣ್ಣೆ. ಇಲ್ಲಿ ಬೆಣ್ಣೆಯನ್ನು ಬೇಯಿಸುವುದಿಲ್ಲ, ಹಾಗೇ ತಿನ್ನುತ್ತೇವೆ. ಆ ಸಣ್ಣ ಹುಳಿ ಚಟ್ನಿಪುಡಿಯ ಖಾರಕ್ಕೆ ಎಷ್ಟು ಹೊಂದುತ್ತದೆ ಅಂದರೆ, ಪ್ಯಾಕೆಟ್ ಬೆಣ್ಣೆ ಇದರ ಮುಂದೆ ಸುಮ್ನೆ ಜಿಡ್ಡು ಅನ್ನಿಸುತ್ತದೆ.

ಬೆಣ್ಣೆ ಮುರುಕಿನಲ್ಲಿ ಮಾತ್ರ ಲೆಕ್ಕ ತಿರುಗಿತು. ಅಷ್ಟಮಿಗೆ ಎರಡು ದಿನ ಮೊದಲು ಸಂತೆ ಬೆಣ್ಣೆಯಲ್ಲೇ ಮಾಡೋಣ ಅಂತ ಆಸೆಯಿಂದ ಹೊರಟೆ. ಪರಿಮಳ ಬರಲಿ ಅಂತ ಒಂದು ಹಿಡಿ ಜಾಸ್ತಿಯೇ ಹಾಕಿದೆ. ಒರಳಿನಿಂದ ಎಣ್ಣೆಗೆ ಒತ್ತಿದ ಕೂಡಲೇ ಎಳೆ ಎಳೆ ಬಿಚ್ಚಿ, ನೊರೆ ಎದ್ದು, ಅರ್ಧ ಮುರುಕು ಬಾಣಲೆಯ ತಳದಲ್ಲಿ ಪುಡಿಯಾಯಿತು. ಒಂದು ಒಬ್ಬೆ ಪೂರ್ತಿ ಹೋಯಿತು. ಎಣ್ಣೆಯನ್ನೂ ಸೋಸಬೇಕಾಯಿತು. ಬೆಣ್ಣೆ ಜಾಸ್ತಿಯಾದರೆ ಹಿಟ್ಟಿಗೆ ಹಿಡಿತ ಇರುವುದಿಲ್ಲ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ನೀರು, ಮಜ್ಜಿಗೆ ಉಳಿದ ಬೆಣ್ಣೆ ಆದರೆ ಇನ್ನೂ ಕಷ್ಟ. ಎಷ್ಟು ಕೊಬ್ಬು ಹಾಕಿದೆವು ಅಂತಲೇ ಗೊತ್ತಾಗುವುದಿಲ್ಲ.

ಮಾರನೇ ದಿನ ಬಿಳಿ ಪ್ಯಾಕೆಟ್ ಬೆಣ್ಣೆ ತೂಗಿ ಹಾಕಿದೆ. 250 ಗ್ರಾಂ ಅಕ್ಕಿ ಹಿಟ್ಟು, ಎರಡು ದೊಡ್ಡ ಚಮಚ ಹುರಿಗಡಲೆ ಹಿಟ್ಟು, ಅಷ್ಟೇ ಕಡಲೆಹಿಟ್ಟು, 30 ಗ್ರಾಂ ಮೆತ್ತಗಾದ ಬೆಣ್ಣೆ, ಜೀರಿಗೆ, ಇಂಗು, ಉಪ್ಪು. ಬೆಣ್ಣೆಯನ್ನು ಮೊದಲು ಒಣ ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜಿ ಸೇರಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಆಮೇಲೆ ನೀರು. ಉರಿ ಮಧ್ಯಮ. ಬೆಳ್ಳಗೆ, ಹಗುರ, ಬಾಯಲ್ಲಿ ಕರಗುವ ಮುರುಕು ಬಂತು. ಪಕ್ಕದ ಮನೆಯವರು ಡಬ್ಬಿ ವಾಪಸ್ ಕೊಡುವಾಗ ಅಳತೆ ಕೇಳಿ ಬರೆದುಕೊಂಡರು. ಕರಿಯುವ ಯಾವ ತಿಂಡಿಗೂ ಇನ್ನು ಮುಂದೆ ನನಗೆ ಬಿಳಿ ಪ್ಯಾಕೆಟ್ ಬೆಣ್ಣೆಯೇ.

ಹಾಗಾದರೆ ಉಪ್ಪಿನ ಹಳದಿ ಬೆಣ್ಣೆ ಬ್ರೆಡ್ಡಿಗೆ ಮಾತ್ರವೇ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಬೆಣ್ಣೆ ಬಿಸ್ಕತ್ತು ನನ್ನ ಅಭಿಪ್ರಾಯ ಬದಲಿಸಿತು. ನಮ್ಮ ಬೇಕರಿಗಳ ಬೆಣ್ಣೆ ಬಿಸ್ಕತ್ತಿನಲ್ಲಿ ಸಿಹಿಯ ಹಿಂದೆ ಒಂದು ಉಪ್ಪು ಇರುತ್ತದಲ್ಲ, ಆ ಉಪ್ಪು ಈ ಬೆಣ್ಣೆಯಿಂದ ತಾನಾಗಿ ಬರುತ್ತದೆ. 150 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ, ಎರಡನ್ನೂ ಬೆಳ್ಳಗೆ ಹಗುರ ಆಗುವವರೆಗೆ ತಿಕ್ಕಿ, 250 ಗ್ರಾಂ ಮೈದಾ ಸೇರಿಸಿ, ಉಂಡೆ ತಟ್ಟಿ, ಓವನ್‌ನಲ್ಲಿ 160 ಡಿಗ್ರಿ ಶಾಖದಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ. ಮೇಲೆ ಬಿರುಕು ಬಿಟ್ಟು, ಅಡಿ ತಿಳಿ ಕಂದು ಆದರೆ ಸಾಕು. ಬಿಸಿ ಇರುವಾಗ ಮೆತ್ತಗಿರುತ್ತದೆ, ಮುಟ್ಟಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತದೆ. ಬಿಳಿ ಬೆಣ್ಣೆಯಲ್ಲೂ ಮಾಡಿದೆ. ಅದಕ್ಕೆ ಬೇರೆ ಉಪ್ಪು ಹಾಕಿದರೂ ಅಲ್ಲಲ್ಲಿ ಹೆಚ್ಚು ಕಡಿಮೆ ಆಯಿತು. ಹಳದಿ ಬೆಣ್ಣೆಯಲ್ಲಿ ಉಪ್ಪು ಮೊದಲೇ ಸಮನಾಗಿ ಬೆರೆತಿರುತ್ತದೆ. ಬಿಸ್ಕತ್ತಿನ ಪಂದ್ಯದಲ್ಲಿ ಹಳದಿಗೇ ಗೆಲುವು. ಇನ್ನು ಬೆಂಗಳೂರು, ಮೈಸೂರಿನ ಬೆಣ್ಣೆ ಬನ್ನಿನ ಥರ ಬನ್ ಕಾಯಿಸಿ ಹಚ್ಚಲೂ ಅದೇ ಚೆನ್ನ.

ಸಿಹಿಯಲ್ಲಿ ಮೈಸೂರು ಪಾಕ್ ಮಾಡಿದೆ. ಇದಕ್ಕೆ ಬೇಕಾದ್ದು ತುಪ್ಪ. ಆದರೆ ಯಾವ ಬೆಣ್ಣೆಯ ತುಪ್ಪ ಅನ್ನುವುದು ರುಚಿಯಲ್ಲಿ ಗೊತ್ತಾಗುತ್ತದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದನ್ನು ಮೊದಲು ಮಾಡಿದರು ಅಂತ ಮೈಸೂರಲ್ಲಿ ಎಲ್ಲರೂ ಹೇಳುತ್ತಾರೆ. ಈ ಊರಿನಲ್ಲಿದ್ದುಕೊಂಡು ಮೈಸೂರು ಪಾಕನ್ನು ಅರೆಮನಸ್ಸಿನಿಂದ ಮಾಡಲು ನನಗೆ ಇಷ್ಟ ಇಲ್ಲ. ಒಂದು ಲೋಟ ಕಡಲೆಹಿಟ್ಟು, ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ಒಂದೆಳೆ ಪಾಕಕ್ಕೆ ಹಿಟ್ಟು ಸೇರಿಸಿ, ಪಕ್ಕದ ಒಲೆಯಲ್ಲಿ ಹೊಗೆಯಾಡುವಷ್ಟು ಬಿಸಿ ತುಪ್ಪ ಇಟ್ಟುಕೊಂಡು ಸೌಟು ಸೌಟಾಗಿ ಹಾಕುತ್ತಾ ಕೈ ಬಿಡದೆ ತಿರುವಬೇಕು. ತುಪ್ಪ ಬಿಸಿ ಇದ್ದರೆ ಮಾತ್ರ ಗೂಡು ಗೂಡಾಗಿ ಅರಳುತ್ತದೆ.

ಅತ್ತೆಯ ಬೆಣ್ಣೆ ಕಾಯಿಸಿದ ತುಪ್ಪ, ಮರಳು ಮರಳಾಗಿ, ವೀಳ್ಯದೆಲೆ ಹಾಕಿ ಇಳಿಸಿದ್ದು. ಅದರಲ್ಲಿ ಮಾಡಿದ ಮೈಸೂರು ಪಾಕ್ ಮೊದಲ ದಿನಕ್ಕಿಂತ ಮೂರನೇ ದಿನ ಇನ್ನೂ ಚೆನ್ನಾಗಿತ್ತು. ಬಿಳಿ ಪ್ಯಾಕೆಟ್ ಬೆಣ್ಣೆಯ ತುಪ್ಪದಲ್ಲಿ ಮಾಡಿದ್ದೂ ಒಳ್ಳೆಯದೇ, ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಕೈ ಮೊದಲನೆಯದಕ್ಕೇ ಹೋಗುತ್ತದೆ. ಹಬ್ಬಕ್ಕೆ ಒಂದೇ ಸಿಹಿ ಮಾಡುವುದಾದರೆ ಹದಿನೈದು ದಿನ ಮೊದಲಿಂದ ಕೆನೆ ಕೂಡಿಡಿ. ಅಷ್ಟು ಕಷ್ಟಕ್ಕೆ ತಕ್ಕ ರುಚಿ ಇದೆ.

ಕ್ರೀಮಿನ ಪೊಟ್ಟಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಫ್ರೆಶ್ ಕ್ರೀಮ್’ ಅಂತ ಸಿಗುವ ಪೊಟ್ಟಣದಲ್ಲಿ ಸಾಮಾನ್ಯವಾಗಿ 25% ಕೊಬ್ಬು. ಎಷ್ಟು ಹೊತ್ತು ಕಡೆದರೂ ಅದು ಕೇಕ್ ಮೇಲಿನ ಕ್ರೀಮಿನಂತೆ ನಿಲ್ಲುವುದಿಲ್ಲ, ಅದಕ್ಕೆ ಇನ್ನೂ ಜಾಸ್ತಿ ಕೊಬ್ಬು ಬೇಕು. ಮಗಳ ಪನೀರ್ ಬಟರ್ ಮಸಾಲಕ್ಕೆ ಚೆನ್ನಾಗಿ ಬಂತು. ಆದರೆ ಒಲೆ ಆರಿಸಿದ ಮೇಲೆ ಹಾಕಬೇಕು. ಟೊಮ್ಯಾಟೊ ಹುಳಿ ಕುದಿಯುತ್ತಿರುವಾಗ ಹಾಕಿದರೆ ಒಡೆದು ತರಿ ತರಿ ಆಗಬಹುದು. ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಮಾಡುವ ವೈಟ್ ಸಾಸಿಗೆ ಕ್ರೀಮ್ ಬೇಡವೇ ಬೇಡ. ಒಂದು ದೊಡ್ಡ ಚಮಚ ಬೆಣ್ಣೆ, ಒಂದು ಚಮಚ ಮೈದಾ, ಒಂದು ಲೋಟ ಹಾಲು, ಕಾಳುಮೆಣಸು, ಬೇಯಿಸಿದ ಜೋಳ. ಹತ್ತು ನಿಮಿಷದ ಕೆಲಸ, ಮಕ್ಕಳು ತಟ್ಟೆ ನೆಕ್ಕುತ್ತಾರೆ.

ಬಾಸುಂದಿಗೆ ಮಾತ್ರ ಆ ಪೊಟ್ಟಣ ಹಾಕಬೇಡಿ. ದಯವಿಟ್ಟು. ಹೊತ್ತು ಉಳಿಯಲಿ ಅಂತ ಒಮ್ಮೆ ಹಾಕಿದೆ. ದಪ್ಪ ಏನೋ ಆಯಿತು, ಆದರೆ ಬಾಯಿಗೆ ಪೇಸ್ಟಿನಂತೆ ಅಂಟಿತು. ಬಾಸುಂದಿಯ ಸುಖ ಇರುವುದು ಕೆನೆಯ ಪದರದಲ್ಲಿ. ಅಗಲ ಬಾಣಲೆಯಲ್ಲಿ ಒಂದು ಲೀಟರ್ ಗಟ್ಟಿ ಹಾಲು, ಸಣ್ಣ ಉರಿ. ಕೆನೆ ಕಟ್ಟಿದ ಹಾಗೆ ಅಂಚಿಗೆ ಸರಿಸುತ್ತಾ ಹೋಗಬೇಕು. ಹಾಲು ಮೂರನೇ ಒಂದು ಭಾಗಕ್ಕೆ ಇಳಿದಾಗ ಅಂಚಿನ ಕೆನೆಯನ್ನೆಲ್ಲ ಕೆರೆದು ಒಳಗೆ ಹಾಕಿ, ಸಕ್ಕರೆ, ಏಲಕ್ಕಿ. ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಾನು ಅಲ್ಲೇ ಕೂತು ಬೆಳ್ಳುಳ್ಳಿ ಬಿಡಿಸಿ ಡಬ್ಬಿಗೆ ತುಂಬಿದೆ.

ಖರ್ಚಿನ ಮಾತು. ಪ್ಯಾಕೆಟ್ ಬೆಣ್ಣೆಗಳು ನನಗೆ ಅರ್ಧ ಕೆಜಿಗೆ ಮುನ್ನೂರರ ಆಸುಪಾಸಿನಲ್ಲಿ ಸಿಕ್ಕವು. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪದ ಮೇಲಿನ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ. ಸಂತೆ ಬೆಣ್ಣೆ ಕೆಜಿ ಲೆಕ್ಕದಲ್ಲಿ ಅಗ್ಗ ಅನ್ನಿಸಿತ್ತು. 250 ಗ್ರಾಂಗೆ 172 ಗ್ರಾಂ ತುಪ್ಪ ಅನ್ನುವ ಲೆಕ್ಕ ಹಾಕಿದ ಮೇಲೆ ಎರಡೂ ಹೆಚ್ಚು ಕಡಿಮೆ ಒಂದೇ ಆಯಿತು. ತುಪ್ಪ ಮಾಡಲು ಬಿಡಿ ಬೆಣ್ಣೆ ತರುವವರು ಈ ಲೆಕ್ಕ ಒಮ್ಮೆ ಮನೆಯಲ್ಲಿ ಮಾಡಿ ನೋಡಿ.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ಅರ್ಧ ಕೆಜಿ ಬಿಳಿ ಪ್ಯಾಕೆಟ್ ಬೆಣ್ಣೆ ಯಾವಾಗಲೂ ಫ್ರೀಜರ್‌ನಲ್ಲಿ, 50 ಗ್ರಾಂ ತುಂಡು ಮಾಡಿ ಇಟ್ಟಿರುತ್ತೇನೆ. ಉಪ್ಪಿನದು 100 ಗ್ರಾಂನ ಸಣ್ಣ ಪ್ಯಾಕೆಟ್ ಒಂದು ಇದ್ದರೆ ಸಾಕು. ದೋಸೆ ಮಾಡುವ ಭಾನುವಾರ ಸಂತೆಯಿಂದ ಕಾಲು ಕೆಜಿ. ಮನೆ ಬೆಣ್ಣೆ ಅತ್ತೆಯ ಕೈಯಿಗೆ ಬಿಟ್ಟದ್ದು. ಅವರ ಮೊಣಕೈ ನೋವು ಜಾಸ್ತಿ ಇದ್ದ ದಿನ ನಾನು ಕಡೆಯುತ್ತೇನೆ, ಅವರು ಪಕ್ಕದಲ್ಲಿ ಕೂತು ಸದ್ದು ಕೇಳಿ ಹೇಳುತ್ತಾರೆ.

ತಿಂಗಳ ಕೊನೆಗೆ ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಉಳಿದಿತ್ತು. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಾಯಿಸಿದೆ. ಸಣ್ಣ ಉರಿಯಲ್ಲಿ ನೊರೆ ಇಳಿದು, ಸದ್ದು ನಿಂತು, ತಳದಲ್ಲಿ ಗಸಿ ಕೆಂಪಗಾದಾಗ ಒಂದು ಹಿಡಿ ನುಗ್ಗೆ ಸೊಪ್ಪು ಹಾಕಿ ಇಳಿಸಿದೆ. ಉಪ್ಪಿನ ಬೆಣ್ಣೆ ಸೇರಿದೆಯಲ್ಲ, ತುಪ್ಪ ಉಪ್ಪಾಗುತ್ತದೇನೋ ಅಂತ ಭಯ ಇತ್ತು. ಆಗಲಿಲ್ಲ. ಉಪ್ಪು ಜಿಡ್ಡಿನಲ್ಲಿ ಕರಗುವುದಿಲ್ಲ, ಅಷ್ಟೂ ಗಸಿಯಲ್ಲೇ ಕೂತಿತ್ತು. ತುಪ್ಪ ಸೋಸಿ ಡಬ್ಬಿಗೆ ಹಾಕಿ ತಿರುಗಿದರೆ, ಮಗಳು ಅದೇ ಪಾತ್ರೆಗೆ ಬಿಸಿ ಅನ್ನ ಹಾಕಿ ಗಸಿ, ಗರಿಗರಿ ನುಗ್ಗೆ ಸೊಪ್ಪು ಎಲ್ಲ ಸೇರಿಸಿ ಕಲಸುತ್ತಿದ್ದಳು. ಅತ್ತೆಗೊಂದು ತುತ್ತು, ನನಗೊಂದು ತುತ್ತು ಕೊಟ್ಟಳು. ಬೇರೆ ಉಪ್ಪು ಹಾಕಬೇಕಾಗಲಿಲ್ಲ.